ತನ್ನ ಹೆಸರನ್ನು ತಾನೇ ಹೇಳಿದ ಗಾಯಕಿ: ಗೌಹರ್ ಜಾನ್



ಇಂದು ಹಾಡು ಕೇಳಬೇಕೆಂದರೆ ಜೇಬಿನಿಂದ ಮೊಬೈಲ್ ತೆಗೆದರೆ ಸಾಕು. ನಮ್ಮ ದೇಶದಲ್ಲಿ ಮೊದಮೊದಲು ಹಾಡುಗಳನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿದಾಗ ಹಾಡಿದವರಲ್ಲಿ ಒಬ್ಬರು ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು. ಅವರು ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ. ಲೋಕಕ್ಕೆ ಅವರು ಗೌಹರ್ ಜಾನ್. ಹುಟ್ಟಿನ ಹೆಸರು ಐಲೀನ್ ಆಂಜೆಲೀನಾ ಯೊವರ್ಡ್.

1873ರ ಜೂನ್ 26ರಂದು ಉತ್ತರ ಭಾರತದ ಅಜಂಗಢದಲ್ಲಿ ಅವರ ಜನನ. ತಂದೆ ಅರ್ಮೇನಿಯನ್ ಮೂಲದವರು, ತಾಯಿ ವಿಕ್ಟೋರಿಯಾ. 1875ರಲ್ಲಿ ಅಲಹಾಬಾದಿನ ಮೆಥಡಿಸ್ಟ್ ಸಭೆಯಲ್ಲಿ ಮಗುವಿಗೆ ದೀಕ್ಷಾಸ್ನಾನವಾಯಿತು. ಆದರೆ 1879ರಲ್ಲಿ ತಂದೆತಾಯಿಯ ದಾಂಪತ್ಯ ಮುರಿದುಬಿತ್ತು. ಆರು ವರ್ಷದ ಮಗಳನ್ನು ಕಟ್ಟಿಕೊಂಡು ತಾಯಿ ಬೀದಿಗೆ ಬಿದ್ದಂತಾಯಿತು. ಕೈಹಿಡಿದವರು ಖುರ್ಷಿದ್ ಎಂಬ ಮುಸ್ಲಿಮ್ ಗೃಹಸ್ಥರು. ತಾಯಿಮಗಳು ಬನಾರಸ್ ಸೇರಿದರು, ಇಸ್ಲಾಂ ಧರ್ಮ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಆಂಜೆಲೀನಾ ಗೌಹರ್ ಜಾನ್ ಆದಳು. ತಾಯಿ ಹಾಡುಗಾರ್ತಿ, ಉರ್ದು ಕವಯಿತ್ರಿ ಎಂದು ಹೆಸರಾದರು. 1883ರಲ್ಲಿ ಇಬ್ಬರೂ ಕಲ್ಕತ್ತೆಗೆ ಹೋದರು. ಅಲ್ಲಿ ಮಗಳು ದೊಡ್ಡ ಗುರುಗಳ ಬಳಿ ಸಂಗೀತ ಕಲಿತಳು. 1887ರಲ್ಲಿ ದರ್ಭಾಂಗದ ಅರಮನೆಯಲ್ಲಿ ಹಾಡಿದಾಗ ಆಕೆಗಿನ್ನೂ ಹದಿನಾಲ್ಕರ ಆಸುಪಾಸು.

ಅದೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಪೌಲೀನ್ ವಿಯಾರ್ದೋ ಎಂಬ ಒಪೆರಾ ಗಾಯಕಿಯಿದ್ದರು. ಅವರೂ ಹಾಡುತ್ತಿದ್ದರು, ಸ್ವತಃ ಸಂಗೀತ ರಚಿಸುತ್ತಿದ್ದರು. ದೊಡ್ಡ ದೊಡ್ಡ ಸಾಹಿತಿಗಳು, ಸಂಗೀತಗಾರರು ಅವರ ಮನೆಗೆ ಗೌರವದಿಂದ ಬರುತ್ತಿದ್ದರು. ಗೌಹರ್ ಜಾನ್ ಕೂಡ ಹಾಡುತ್ತಿದ್ದರು, ತಾವೇ ಠುಮ್ರಿಗಳನ್ನು ಕಟ್ಟುತ್ತಿದ್ದರು. ಆದರೆ ನಮ್ಮಲ್ಲಿ ಅಂಥವರಿಗೆ ಸಿಕ್ಕ ಹೆಸರು 'ತವಾಯಿಫ್'. ಹಾಡು ಎಲ್ಲರಿಗೂ ಬೇಕು, ಹಾಡುವವಳನ್ನು ಮನೆಯೊಳಗೆ ಕರೆಯಲು ಮಾತ್ರ ಹಿಂಜರಿಕೆ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದರು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಂದರೊಳಗೆ ಜೋರಾಗಿ ಹಾಡಬೇಕು. ಆ ಸದ್ದಿನ ಬಲಕ್ಕೆ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ತಟ್ಟೆಗೆ ಸಿಗುವುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದು ಸುಲಭವಲ್ಲ. ಗೌಹರ್ ಅದನ್ನು ಕರಗತ ಮಾಡಿಕೊಂಡರು. ಹಾಡು ಮುಗಿದ ಕೂಡಲೇ 'ನನ್ನ ಹೆಸರು ಗೌಹರ್ ಜಾನ್' ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿದು ಸರಿಯಾದ ಚೀಟಿ ಅಂಟಿಸಲೆಂದು ಈ ವ್ಯವಸ್ಥೆ.

ಕಾರಣ ಅಷ್ಟೇ ಇರಬಹುದು. ಆದರೂ ಎರಡೆರಡು ಹೆಸರು ಹೊತ್ತು, ತಂದೆಯ ಆಸರೆಯಿಲ್ಲದೆ ಬೆಳೆದ ಹೆಣ್ಣೊಬ್ಬಳು ಅಂಜದೆ ತನ್ನ ಹೆಸರು ತಾನೇ ಹೇಳುವುದನ್ನು ಕೇಳಿದರೆ ಮನಸ್ಸು ಕಲಕುತ್ತದೆ.

ಆ ಹೆಸರಿಗಾಗಿ ಅವರು ನ್ಯಾಯಾಲಯಕ್ಕೂ ಅಲೆಯಬೇಕಾಯಿತು. 1906ರಲ್ಲಿ ತಾಯಿ ತೀರಿಕೊಂಡ ಮೇಲೆ, ಅದೇ ಮನೆಯಲ್ಲಿ ಬೆಳೆದವನೊಬ್ಬ ಆಸ್ತಿಗೆ ವಾರಸುದಾರ ತಾನೇ ಎಂದು ದಾವೆ ಹೂಡಿದ. ತಾನು ಯಾರ ಮಗಳು ಎಂದು ಸಾಬೀತು ಮಾಡಲು, ಎಂದೋ ಕೈಬಿಟ್ಟು ಹೋದ ತಂದೆಯನ್ನೇ ಹುಡುಕಿಕೊಂಡು ಹೋಗಬೇಕಾಯಿತು. ಕೊನೆಗೆ ಗೆಲುವು ಅವರದೇ ಆಯಿತು.

ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಅವರು ಧ್ವನಿಮುದ್ರಿಸಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಬೆಳೆಯುವ ನಮ್ಮ ಕುಂದುರ್ಪಿ ಕಡೆಯ ಮಕ್ಕಳಿಗೆ ಇದರ ಬೆಲೆ ಗೊತ್ತಾಗುತ್ತದೆ. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯವರ ಜೊತೆ ಚಕ್ರವರ್ತಿಯ ಮುಂದೆ ಹಾಡಿದರು. ಆದರೆ ಗಂಡನೊಂದಿಗಿನ ವ್ಯಾಜ್ಯಗಳಲ್ಲಿ ಗಳಿಸಿದ್ದೆಲ್ಲ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಒಂದೂವರೆ ವರ್ಷವೂ ಕಳೆಯಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡರು.

ಯುವಮಿತ್ರರೇ, ಆರು ವರ್ಷದ ಆ ಹುಡುಗಿಯ ಹೆಸರು ಒಂದು ಸಭೆಯ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಅವಳ ಮನೆಯ ಒಲೆ ಉರಿಯಲಿಲ್ಲ. ನಮ್ಮ ಗಾನವೃಂದದ ಹುಡುಗಿಯೊಬ್ಬಳು ಎರಡು ಭಾನುವಾರ ಕಾಣಿಸದಿದ್ದರೆ ಅವಳ ಜಾಗದಲ್ಲಿ ಯಾರು ಹಾಡುತ್ತಾರೆ ಎಂದು ಮೊದಲು ಯೋಚಿಸುತ್ತೇವೆ. ಅದಕ್ಕೂ ಮೊದಲು ಇಬ್ಬರು ಅವಳ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಕರೆದು 'ಹೇಗಿದ್ದೀಯಮ್ಮಾ?' ಎಂದು ಕೇಳಿ ಬರೋಣ.