ಬ್ಯಾಕ್ ಬಟನ್ ಒತ್ತಿದ್ರೆ ಏನಾಗುತ್ತೆ?

ಹಣ ಕಟ್ಟೋ ಪುಟದಲ್ಲಿ ‘ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಅಂತ ಬರೋದನ್ನ ನೀವೆಲ್ಲ ನೋಡಿರ್ತೀರಿ. ಆ ಎಚ್ಚರಿಕೆಯ ಹಿಂದೆ ಇರೋ ಪ್ರಶ್ನೆಗೆ ಒಂದು ಇತಿಹಾಸ ಇದೆ. ಇವತ್ತು ಅದೇ ಕಥೆ.

ವೆಬ್‌ಗೆ ಹುಟ್ಟಿನಿಂದಲೇ ಮರೆವು. ಪುಟ ಕೇಳಿದ್ರಿ, ಸರ್ವರ್ ಕೊಡ್ತು, ಮುಗೀತು. ಮುಂದಿನ ಕ್ಲಿಕ್‌ಗೆ ಹಿಂದಿನದು ನೆನಪಿರಲ್ಲ. ಹಾಗಾಗಿ ‘ವಿಳಾಸ ಕೇಳು, ಆಮೇಲೆ ಹಣ ಕೇಳು’ ಅನ್ನೋ ಸರಳ ಕೆಲಸವನ್ನೂ ಪ್ರೋಗ್ರಾಮರ್ ತುಂಡು ತುಂಡಾಗಿ ಬರೀಬೇಕಿತ್ತು.

ಪ್ರೋಗ್ರಾಂ ಮಧ್ಯದಲ್ಲಿ ನಿಂತು, ಅಲ್ಲಿಂದಲೇ ಮುಂದುವರಿದ್ರೆ? ಈ ಯೋಚನೆ ವೆಬ್‌ಗಿಂತ ಹಳೆಯದು. ಮೆಲ್ವಿನ್ ಕಾನ್ವೇ 1963ರಲ್ಲೇ ಕೊರುಟೀನ್ ಬಗ್ಗೆ ಬರೆದಿದ್ದರು. ನಿಂತ ಜಾಗದಲ್ಲಿ ‘ಇನ್ನೇನು ಬಾಕಿ’ ಅನ್ನೋದನ್ನ ಎತ್ತಿಟ್ಟುಕೊಂಡ್ರೆ ಅದು ಕಂಟಿನ್ಯುಯೇಶನ್. 2000ದಲ್ಲಿ ಫ್ರಾನ್ಸ್‌ನ ಕ್ರಿಶ್ಚಿಯನ್ ಕೆನೆಕ್, ವೆಬ್ ಸರ್ವರ್ ಬರೆಯೋಕೆ ಇದೇ ಸರಿಯಾದ ಸಾಧನ ಅಂತ ವಾದಿಸಿದರು.

ಇದರಲ್ಲಿ ಎರಡು ಬಗೆ. ನಾನು ಓದಿದ್ದು ಬಿಕಾಂ, ಅದಕ್ಕೆ ಹೀಗೆ ಹೇಳ್ತೀನಿ: ಒನ್-ಶಾಟ್ ಅಂದ್ರೆ ಚೆಕ್ ಇದ್ದಂತೆ, ಒಮ್ಮೆ ನಗದಾದ್ರೆ ಮುಗೀತು. ಮಲ್ಟಿ-ಶಾಟ್ ಅಂದ್ರೆ ಬಸ್ ಪಾಸ್, ಎಷ್ಟು ಸಲ ಬೇಕಾದ್ರೂ ಹತ್ತಬಹುದು. ಒನ್-ಶಾಟ್ ಅಗ್ಗ. ಬಾಕಿ ಕೆಲಸದ ನಕಲು ಪ್ರತಿ ಇಡೋ ಅಗತ್ಯ ಇಲ್ಲ ಅಂತ 1996ರಲ್ಲೇ ಸಂಶೋಧಕರು ತೋರಿಸಿದ್ದರು.

ಆದ್ರೆ ಬ್ರೌಸರ್‌ನಲ್ಲಿ ಬ್ಯಾಕ್ ಬಟನ್ ಇದೆಯಲ್ಲ! ಒಂದು ಹೋಟೆಲ್ ನೋಡಿ, ಹಿಂದೆ ಬಂದು, ಇನ್ನೊಂದನ್ನ ಒತ್ತಿದ್ರೆ ಅದೇ ನಿಲುಗಡೆಯಿಂದ ಪ್ರೋಗ್ರಾಂ ಎರಡನೇ ಸಲ ಹೊರಡಬೇಕು. ಅಲ್ಲಿ ಚೆಕ್ ನಡೆಯಲ್ಲ. ಏವಿ ಬ್ರಯಂಟ್ 2002ರ ಹೊತ್ತಿಗೆ ರೂಪಿಸಿದ ಸೀಸೈಡ್ ‘ಪಾಸ್’ ದಾರಿ ಹಿಡಿಯಿತು. ಅದರ ಬೆಲೆ? ಪ್ರತಿ ಬಳಕೆದಾರನ ಹಳೇ ನಿಲುಗಡೆಗಳೆಲ್ಲ ಸರ್ವರ್ ಮೆಮೊರಿಯಲ್ಲೇ ಕೂರಬೇಕು. ಜಾಗ ತುಂಬಿದಾಗ ಹಳೇದನ್ನ ಬಿಸಾಕ್ತಾರೆ, ಲಿಂಕ್ ಸತ್ತುಹೋಗುತ್ತೆ.

ಕೊನೆಗೆ ಗೆದ್ದಿದ್ದು ಚೆಕ್. 2015ರಲ್ಲಿ ಪೈಥಾನ್‌ಗೆ, 2017ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಬಂದ ಅಸಿಂಕ್-ಅವೇಟ್ ಒನ್-ಶಾಟ್ ಜಾತಿಯದು. ಡೇಟಾಬೇಸ್‌ನಿಂದ ಉತ್ತರ ಒಂದೇ ಸಲ ಬರೋದು, ಹಾಗಾಗಿ ಕಾಯೋ ಕೆಲಸಕ್ಕೆ ಅಷ್ಟು ಸಾಕು. ಬಳಕೆದಾರನ ನೆನಪು ಯುಆರ್‌ಎಲ್, ಕುಕಿ, ಡೇಟಾಬೇಸ್‌ಗೆ ಹೋಯ್ತು.

ಪ್ರಶ್ನೆ ಮಾತ್ರ ಹಾಗೇ ಉಳೀತು. ಹುಡುಕಾಟ ನೂರು ಸಲ ನಡೀಲಿ, ಹಣ ಕಟ್ಟೋದು ಒಂದೇ ಸಲ ಆಗಬೇಕು. ಯಾವುದು ಪಾಸ್, ಯಾವುದು ಚೆಕ್ ಅಂತ ಕಂಪ್ಯೂಟರ್‌ಗೆ ತಾನಾಗಿ ಗೊತ್ತಾಗಲ್ಲ. ಅದನ್ನ ಕೋಡ್ ಬರೆಯೋರೇ ತೀರ್ಮಾನಿಸಬೇಕು. ತೀರ್ಮಾನಿಸದಿದ್ರೆ ಎರಡು ಸಲ ಕಟ್ ಆಗೋದು ನಮ್ಮ ಖಾತೆಯಿಂದ.