ತೋಳಿನ ಸನ್ನೆಯೂ ಬೊರೆಲ್ಲಿಯ ಲೆಕ್ಕವೂ

ಬಂಡೆಯ ಅಡಿಗೆ ಹಾರೆಯನ್ನು ಕೊಟ್ಟು ಮೀಟುವವನು ಅಲ್ಪಬಲದಿಂದ ಅಧಿಕಭಾರವನ್ನು ಕದಲಿಸುತ್ತಾನೆ. ಮನುಷ್ಯನ ತೋಳೂ ಅಂಥದೇ ಒಂದು ಸನ್ನೆ. ಆದುದರಿಂದ ಸ್ನಾಯುವಿನ ಕೊಂಚ ಬಲವೇ ದೊಡ್ಡ ಹೊರೆಯನ್ನು ಎತ್ತುತ್ತದೆಂದು ಯೂರೋಪಿನ ಪೂರ್ವಪಂಡಿತರಲ್ಲಿ ಅನೇಕರು ನಂಬಿದ್ದರು. ನಿಸರ್ಗವು ಮಿತವ್ಯಯಿಯೆಂಬ ತತ್ತ್ವಕ್ಕೂ ಅದು ಒಪ್ಪುವಂತಿತ್ತು. ವಸ್ತುಸ್ಥಿತಿ ಇದಕ್ಕೆ ತೀರ ವಿಪರೀತವೆಂದು ಲೆಕ್ಕಹಾಕಿ ತೋರಿಸಿದವನು ಇಟಲಿಯ ಗಣಿತಜ್ಞ ಜಿಯೊವಾನ್ನಿ ಅಲ್ಫಾನ್ಸೊ ಬೊರೆಲ್ಲಿ (1608–1679).

ನೇಪಲ್ಸಿನಲ್ಲಿ ಹುಟ್ಟಿದ ಈತನು ಗೆಲಿಲಿಯೊನ ಶಿಷ್ಯ ಕಾಸ್ಟೆಲ್ಲಿಯಲ್ಲಿ ಕಲಿತು, ಮೆಸ್ಸಿನಾ ಮತ್ತು ಪೀಸಾಗಳಲ್ಲಿ ಗಣಿತದ ಅಧ್ಯಾಪಕನಾಗಿದ್ದನು. ಪೀಸಾದಲ್ಲಿ ಅಂಗರಚನಾಶಾಸ್ತ್ರಜ್ಞ ಮಾಲ್ಪೀಗಿಯ ಸಹವಾಸ ದೊರೆಯಿತು. ಗಣಿತಜ್ಞನು ಶವಚ್ಛೇದನದ ಮೇಜಿನ ಬಳಿ ಬಂದು ನಿಂತುದೇ ಇಲ್ಲಿ ಮುಖ್ಯವಾದ ಸಂಗತಿ.

ಆತನ ವಾದವನ್ನು ಇಂದಿನ ಅಳತೆಗಳಲ್ಲಿ ಹೀಗೆ ಹೇಳಬಹುದು. ಮೊಣಕೈಯೇ ಸನ್ನೆಯ ಆನಿಕೆ. ತೋಳಿನ ಮುಂಭಾಗದ ದ್ವಿಶಿರಸ್ನಾಯು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಆ ಆನಿಕೆಯಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿ; ಅಂಗೈಯಲ್ಲಿರುವ ಹೊರೆಯಾದರೋ ಸುಮಾರು 35 ಸೆಂಟಿಮೀಟರು ಆಚೆ. ಮೊಣಕೈಯನ್ನು ಲಂಬಕೋನಕ್ಕೆ ಬಾಗಿಸಿ 10 ಕಿಲೋಗ್ರಾಮನ್ನು ಹಿಡಿದು ನಿಂತರೆ, ಮುಂಗೈಯ ತೂಕವನ್ನು ಬಿಟ್ಟರೂ ಸ್ನಾಯುಗಳು 70 ಕಿಲೋಗ್ರಾಮಿನಷ್ಟು ಎಳೆಯಬೇಕು. ಬ್ಯಾಂಕಿನ ವ್ಯವಹಾರದಲ್ಲಿ ಇಂಥ ಬಡ್ಡಿಯನ್ನು ಯಾರೂ ಒಪ್ಪಲಾರರು! ಆದರೆ ಪ್ರತಿಫಲವೂ ಉಂಟು. ಸ್ನಾಯು ಒಂದು ಅಂಗುಲ ಕುಗ್ಗಿದರೆ ಅಂಗೈ ಏಳು ಅಂಗುಲ ಚಲಿಸುತ್ತದೆ. ಬಲವನ್ನು ತೆತ್ತು ದೇಹವು ವೇಗವನ್ನೂ ವಿಸ್ತಾರವನ್ನೂ ಕೊಂಡಿದೆ. ಕವಣೆ ಬೀಸುವ ಕೈಗೆ ಇದಲ್ಲದೆ ಬೇರೆ ಬಂಡವಾಳವಿಲ್ಲ.

ನಮ್ಮ ಹಳ್ಳಿಗಳಲ್ಲಿ ಗುಂಡುಕಲ್ಲನ್ನು ಎತ್ತುವವರು ಅದನ್ನು ಮೈಗೆ ಅವುಚಿಕೊಂಡೇ ಮಂಡಿಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸುತ್ತಾರಷ್ಟೆ. ಹೊರೆಯ ದೂರವನ್ನು ಕಡಿಮೆಮಾಡುವ ಈ ಉಪಾಯವನ್ನು ಅವರು ಯಾವ ಗ್ರಂಥದಿಂದಲೂ ಕಲಿತವರಲ್ಲ. ನಾಣ್ಯದ ಚೀಲ ಹೊರುವ ನಮ್ಮ ಜವಾನರೂ ಹಾಗೆಯೇ.

ಬೊರೆಲ್ಲಿ ಎಲ್ಲವನ್ನೂ ಸರಿಯಾಗಿ ಕಂಡನೆಂದಲ್ಲ. ನರದ ರಸವು ರಕ್ತದೊಡನೆ ಬೆರೆತು ಉಕ್ಕುವುದರಿಂದ ಸ್ನಾಯು ಉಬ್ಬಿ ಕುಗ್ಗುತ್ತದೆಂಬ ಆತನ ಊಹೆ ನಿಲ್ಲಲಿಲ್ಲ. ಸನ್ನೆಯ ಲೆಕ್ಕ ಮಾತ್ರ ನಿಂತಿತು.

ರಾಜಕೀಯ ಸಂಶಯಕ್ಕೆ ಗುರಿಯಾಗಿ ಮೆಸ್ಸಿನಾವನ್ನು ತೊರೆದ ಆತನು ಕೊನೆಯ ವರ್ಷಗಳನ್ನು ರೋಮಿನಲ್ಲಿ ಬಡತನದಲ್ಲಿ ಕಳೆದನು. ಒಂದು ಧಾರ್ಮಿಕ ಸಂಘದ ಆಶ್ರಯದಲ್ಲಿದ್ದು ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದನು. ಸಿಂಹಾಸನವನ್ನು ತ್ಯಜಿಸಿ ಅದೇ ನಗರದಲ್ಲಿ ನೆಲೆಸಿದ್ದ ಸ್ವೀಡನ್ನಿನ ರಾಣಿ ಕ್ರಿಸ್ಟೀನಾ ಆತನಿಗೆ ಪೋಷಕಳಾದಳು. ‘ದೆ ಮೋತು ಅನಿಮಾಲಿಯುಮ್’ ಎಂಬ ಲ್ಯಾಟಿನ್ ಗ್ರಂಥದ ಎರಡು ಭಾಗಗಳು 1680 ಮತ್ತು 1681ರಲ್ಲಿ ಹೊರಬಂದುವು. ತೋಳಿಗೆ ತೂಕವನ್ನು ನೇತುಹಾಕಿಕೊಂಡು ನಿಂತ ಮನುಷ್ಯರ ರೇಖಾಚಿತ್ರಗಳನ್ನು ಅದರಲ್ಲಿ ಇಂದಿಗೂ ಕಾಣಬಹುದು. ಅಚ್ಚಾದ ಪುಸ್ತಕವನ್ನು ನೋಡಲು ಬೊರೆಲ್ಲಿ ಉಳಿದಿರಲಿಲ್ಲ; 1679ರ ಡಿಸೆಂಬರ್ 31ರಂದು ಆತನು ತೀರಿಕೊಂಡಿದ್ದನು.