ನೆಲ ಮುಟ್ಟುವ ಆ ಗಳಿಗೆ

ಅಕ್ಕನ ಮಗಳು ವಿಮಾನ ಹಾರಿಸಲು ಕಲಿಯುತ್ತಿದ್ದ ದಿನಗಳು. ಒಂದು ರಾತ್ರಿ ಫೋನ್ ಮಾಡಿ, “ಚಿಕ್ಕಮ್ಮಾ, ಅಮ್ಮನಿಗೆ ಹೇಳಬೇಡ” ಎಂದಳು. ಒಬ್ಬಳೇ ಹಾರಿಸಿದ ಮೂರನೆಯ ಸಲ, ಇಳಿಯುವಾಗ ಪುಟ್ಟ ವಿಮಾನ ರನ್‌ವೇಗೆ ಬಡಿದು ಚೆಂಡಿನಂತೆ ಪುಟಿದಿತ್ತು. ಗಾಬರಿಯಲ್ಲಿ ಮೂತಿಯನ್ನು ಕೆಳಕ್ಕೆ ತಳ್ಳಿದ್ದಳು. ಮತ್ತೆ ಪುಟಿಯಿತು, ಮತ್ತೆ ಬಡಿಯಿತು... ಮುಂದಿನ ಚಕ್ರ ಮುರಿದು ಪ್ರೊಪೆಲರ್ ಬಾಗಿತ್ತು. ಅವಳಿಗೆ ಮೊಣಕೈ ತರಚಿತ್ತು, ಅಷ್ಟೆ. ಆದರೆ ಕಲಿಸುವವರೊಬ್ಬರು ಎಲ್ಲರೆದುರು, “ಹೆಣ್ಣುಮಕ್ಕಳಿಗೆ ಎತ್ತರದ ಅಂದಾಜೇ ಸಿಗುವುದಿಲ್ಲ” ಎಂದುಬಿಟ್ಟಿದ್ದರಂತೆ. ಬಿಟ್ಟು ಬರುತ್ತೇನೆ ಎಂದು ಅತ್ತಳು.

ನನಗೆ ಸ್ಕೂಟರ್ ಕೂಡ ಬಾರದು. ಆದರೆ ಏಮಿ ಜಾನ್ಸನ್ ಕತೆ ಗೊತ್ತಿತ್ತು, ಅದನ್ನೇ ಹೇಳಿದೆ.

ಏಮಿ ಇಂಗ್ಲೆಂಡಿನ ಹಲ್ ಊರಿನ ಮೀನು ವ್ಯಾಪಾರಿಯೊಬ್ಬರ ಮಗಳು. ಲಂಡನ್ನಿನ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತ, 1928ರಲ್ಲಿ ಸ್ಟ್ಯಾಗ್ ಲೇನ್ ಮೈದಾನದಲ್ಲಿ ಹಾರಾಟ ಕಲಿಯತೊಡಗಿದಳು. ಅವಳ ಕಷ್ಟವೂ ಇಳಿಯುವುದೇ! ಉಳಿದವರು ಹತ್ತು ಗಂಟೆಯ ಪಾಠದ ಆಸುಪಾಸಿನಲ್ಲಿ ಒಂಟಿಯಾಗಿ ಹಾರಿದರೆ, ಇವಳಿಗೆ ಸುಮಾರು 16 ಗಂಟೆ ಬೇಕಾಯಿತು.

ಇಳಿಯುವುದೆಂದರೆ ಸುಮ್ಮನೆ ಕೆಳಗೆ ಬರುವುದಲ್ಲ. ನೆಲಕ್ಕೆ ಕೆಲವೇ ಅಡಿ ಇರುವಾಗ ಮೂತಿಯನ್ನು ಮೆಲ್ಲನೆ ಎತ್ತಿ ವೇಗ ಕಳೆಯಬೇಕು. ರೆಕ್ಕೆಗಳು ‘ಇನ್ನು ಹೊರಲಾರೆವು’ ಎನ್ನುವ ಹೊತ್ತಿಗೆ ಚಕ್ರ ನೆಲ ಮುಟ್ಟಬೇಕು. ಬೇಗ ಎತ್ತಿದಿರೋ, ಮೇಲಿನಿಂದ ದೊಪ್ಪೆಂದು ಬೀಳುತ್ತದೆ; ತಡವಾದರೆ ಬಡಿದು ಪುಟಿಯುತ್ತದೆ. ಪುಟಿದಾಗ ಮೂತಿ ತಳ್ಳಬಾರದು, ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಇನ್ನೊಂದು ಸುತ್ತು ಹೋಗಬೇಕು. ಸಕ್ಕರೆ ಪಾಕದ ಎಳೆಯ ಹಾಗೆ, ಓದಿದರೆ ಬರುವ ಹದವಲ್ಲ ಇದು. ಏಮಿಯ ಜಿಪ್ಸಿ ಮಾತ್‌ಗಂತೂ ಬ್ರೇಕೂ ಇರಲಿಲ್ಲ. ಭಾರವೆಲ್ಲ ಚಕ್ರಗಳ ಹಿಂದೆ. ಸ್ವಲ್ಪ ಅಡ್ಡ ತಿರುಗಿದರೆ ಬಾಲವೇ ಮುಂದೆ ಬರಲು ನೋಡುವಂಥ ವಿಮಾನ.

ನೂರು ಗಂಟೆಯ ಅನುಭವವೂ ಇಲ್ಲದೆ, 1930ರ ಮೇ 5ರಂದು ಅವಳು ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹೊರಟಳು. ದಾರಿಯಲ್ಲಿ ನಮ್ಮ ಝಾನ್ಸಿಯಲ್ಲಿ ಸೈನ್ಯದ ಕವಾಯತು ಮೈದಾನದಲ್ಲಿ ಇಳಿದು ರೆಕ್ಕೆ ಮುರಿದುಕೊಂಡಳು. ಸರಿಮಾಡಿದ್ದು ಅಲ್ಲಿನ ಬಡಗಿ. ರಂಗೂನಿನ ಬಳಿ ಆಟದ ಮೈದಾನದಲ್ಲಿಳಿದು ಹಳ್ಳಕ್ಕೆ ನುಗ್ಗಿದಳು. ರೆಕ್ಕೆಯ ಬಟ್ಟೆ ಹರಿದಿತ್ತು. ಯುದ್ಧಕಾಲದಲ್ಲಿ ಉಳಿದ ವಿಮಾನದ ಬಟ್ಟೆಯಲ್ಲಿ ಯಾರೋ ಅಂಗಿ ಹೊಲಿಸಿಕೊಂಡಿದ್ದರಂತೆ. ಆ ಅಂಗಿಗಳನ್ನೇ ಬಿಚ್ಚಿ ರೆಕ್ಕೆಗೆ ತೇಪೆ ಹಾಕಿದರು! ಈ ಭಾಗ ನನಗೆ ಬಹಳ ಇಷ್ಟ. ಮೇ 24ಕ್ಕೆ ಡಾರ್ವಿನ್ ಮುಟ್ಟಿದಳು. ಹಾಗೆ ಒಂಟಿಯಾಗಿ ಹೋದ ಮೊದಲ ಹೆಣ್ಣು. ಐದು ದಿನಕ್ಕೆ ಬ್ರಿಸ್ಬೇನಿನಲ್ಲಿ, ಸ್ವಾಗತಿಸಲು ನೆರೆದ ಜನಸಾಗರದೆದುರು ಮೈದಾನ ದಾಟಿ ಹೋಗಿ ವಿಮಾನ ತಲೆಕೆಳಗಾಯಿತು. ಅವಳು ಬದುಕಿದಳು. ಹಾರುವುದನ್ನೂ ಬಿಡಲಿಲ್ಲ.

ನಮ್ಮ ಸರಳಾ ಠಕ್ರಾಲ್ 1936ರಲ್ಲಿ, ನಾಲ್ಕು ವರ್ಷದ ಮಗಳಿದ್ದಾಗ, ಲಾಹೋರಿನಲ್ಲಿ ಇದೇ ಜಿಪ್ಸಿ ಮಾತ್ ಹಾರಿಸಿದರು. ಅವರು ಸೀರೆಯುಟ್ಟಿದ್ದನ್ನು ಎಲ್ಲರೂ ಬರೆದರು. ಸೀರೆಯುಟ್ಟು ಆ ಬ್ರೇಕಿಲ್ಲದ ವಿಮಾನವನ್ನು ಇಳಿಸಿದ್ದನ್ನು ಯಾರು ಬರೆದರು?

ಫೋನಿನ ಆ ತುದಿಯಲ್ಲಿ ಮಗು ಮೌನವಾಗಿತ್ತು. ಆಮೇಲೆ, “ಅಂಗಿಯ ತೇಪೆಯಾ?” ಎಂದು ಮೂಗೆಳೆದುಕೊಂಡೇ ನಕ್ಕಳು. ಒಂಬತ್ತು ದಿನಕ್ಕೆ, ಪಕ್ಕದಲ್ಲಿ ಬೇರೆ ಶಿಕ್ಷಕರನ್ನು ಕೂರಿಸಿಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ಬರೀ ಇಳಿಯುವುದನ್ನೇ ಅಭ್ಯಾಸ ಮಾಡಿದಳಂತೆ.

ಅಕ್ಕನಿಗೆ ನಾನು ಹೇಳಲಿಲ್ಲ. ಲೈಸೆನ್ಸ್ ಕೈಗೆ ಬಂದ ದಿನ ಅವಳೇ ಹೇಳಿಕೊಂಡಳು. ಅಕ್ಕ ಒಗ್ಗರಣೆ ಸೌಟು ಹಿಡಿದೇ ನಿಂತು ಮಗಳ ಮೊಣಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಾಯದ ಗುರುತೂ ಇರಲಿಲ್ಲ. ಆಮೇಲೆ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು.